‘ಅದೇನು ದೊಡ್ಡ ವಿಷಯ ಅಲ್ಲ’ ಅಂದಿರಲ್ಲ, ಅರ್ಜಿ ಅಲ್ಲಿಂದಲೇ ಶುರುವಾಗಲಿ

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಕೆಲಸಕ್ಕೆ ಸೇರಿ 9 ವರ್ಷ ಆಯಿತು. ಹಿರಿಯ ಜವಾಬ್ದಾರಿಗಳಿಗೆ ಸಿಬ್ಬಂದಿಯನ್ನು ತಯಾರು ಮಾಡಲು ನಮ್ಮಲ್ಲಿ ಒಂದು ವರ್ಷದ ತರಬೇತಿ ಶುರು ಮಾಡುತ್ತಿದ್ದಾರೆ. ಅರ್ಜಿಯಲ್ಲಿ ‘ನಿಮ್ಮ ವೃತ್ತಿಪರ ಸಾಮರ್ಥ್ಯಗಳನ್ನು 300 ಪದಗಳಲ್ಲಿ ವಿವರಿಸಿ’ ಅಂತ ಕೇಳಿದ್ದಾರೆ. ‘ಶ್ರಮಜೀವಿ, ಸಮಯಕ್ಕೆ ಸರಿಯಾಗಿ ಬರುತ್ತೇನೆ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತೇನೆ, ಕಲಿಯುವ ಆಸಕ್ತಿ ಇದೆ’ ಅಂತ ಬರೆದೆ. ಓದಿ ನೋಡಿದರೆ ಇದು ಯಾರ ಬಗ್ಗೆ ಬೇಕಾದರೂ ಇರಬಹುದು ಅನಿಸಿತು. ನನಗೆ ಪ್ರಶಸ್ತಿ ಬಂದಿಲ್ಲ, ದೊಡ್ಡ ಪ್ರಾಜೆಕ್ಟ್ ಮಾಡಿಲ್ಲ. ಅನುಮಾನದ ರಿಪೋರ್ಟ್ ಬಂದರೆ ಜೊತೆಯವರು ನನ್ನ ಹತ್ತಿರ ತರುತ್ತಾರೆ, ಅಷ್ಟೇ. ಹೋದ ತಿಂಗಳು ಒಬ್ಬ ರೋಗಿಯ ಪೊಟ್ಯಾಸಿಯಂ ತುಂಬಾ ಜಾಸ್ತಿ ಬಂದಿತ್ತು. ನನಗೆ ಅನುಮಾನ ಬಂತು, ಸ್ಯಾಂಪಲ್ ಮತ್ತೆ ತರಿಸಿದೆ, ಸರಿ ಬಂತು. ಆದರೆ ಅದೇನು ದೊಡ್ಡ ವಿಷಯ ಅಲ್ಲ, ಯಾರಾದರೂ ಮಾಡುತ್ತಾರೆ. ನನ್ನನ್ನು ನಾನೇ ಹೊಗಳಿಕೊಳ್ಳುವುದು ಮುಜುಗರ. ನನ್ನ ಸಾಮರ್ಥ್ಯ ಯಾವುದು ಅಂತ ಗುರುತಿಸುವುದು ಹೇಗೆ? ಗೊತ್ತಾದರೂ ಬರೆಯುವುದು ಹೇಗೆ? ಕೊನೆಯ ದಿನಕ್ಕೆ ಇನ್ನು 3 ವಾರ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ಸಾಲು. ‘ಅದೇನು ದೊಡ್ಡ ವಿಷಯ ಅಲ್ಲ, ಯಾರಾದರೂ ಮಾಡುತ್ತಾರೆ.’ ಇಂಥ ಅರ್ಜಿಗಳನ್ನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ, ಬರೆಯುವವರ ಜೊತೆ ಕೂತು ತಿದ್ದಿದ್ದೇನೆ. ಒಬ್ಬರು ಮಾತಿನ ನಡುವೆ ಈ ಸಾಲು ಹೇಳಿದರೆ ನಾನು ಅಲ್ಲೇ ತಡೆದು ನಿಲ್ಲಿಸುತ್ತೇನೆ. ಅವರು ಹುಡುಕುತ್ತಿರುವುದು ಸಾಮಾನ್ಯವಾಗಿ ಅದರ ಹಿಂದೆಯೇ ಇರುತ್ತದೆ.

ಆ ಪೊಟ್ಯಾಸಿಯಂ ಪ್ರಸಂಗವನ್ನೇ ಬಿಚ್ಚಿ ನೋಡೋಣ. ನಿಮಗೆ ಇದೆಲ್ಲ ಗೊತ್ತು. ಬೇರೆ ಕ್ಷೇತ್ರದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಆರೋಗ್ಯವಾಗಿರುವವರ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರುತ್ತದೆ. ಅದು ನಿಜಕ್ಕೂ ಬಹಳ ಏರಿದರೆ ಹೃದಯದ ಬಡಿತ ಏರುಪೇರಾಗಬಹುದು. ಹಾಗಾಗಿ ವೈದ್ಯರು ಕಾಯುತ್ತಾ ಕೂರುವುದಿಲ್ಲ, ಇಳಿಸುವ ಚಿಕಿತ್ಸೆ ಬೇಗ ಶುರು ಮಾಡುತ್ತಾರೆ. ರಿಪೋರ್ಟೇ ಸುಳ್ಳಾಗಿದ್ದರೆ? ಸರಿಯಾಗಿದ್ದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಸುಳ್ಳು ಏರಿಕೆಗೆ ಕಾರಣಗಳೂ ಹಲವು. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಅವುಗಳ ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಅನ್ನುವ ಪೊಟ್ಯಾಸಿಯಂ ಲವಣ ಇರುತ್ತದೆ. ಆ ಟ್ಯೂಬಿನ ರಕ್ತ ಇನ್ನೊಂದು ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಕುಸಿಯುತ್ತದೆ. ಮೆಷಿನ್ ತನಗೆ ಕೊಟ್ಟದ್ದನ್ನು ಅಳೆಯುತ್ತದೆ. ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳಲು ಒಬ್ಬ ಮನುಷ್ಯ ಬೇಕು.

ಅವತ್ತು ಆ ಮನುಷ್ಯ ನೀವಾಗಿದ್ದಿರಿ. ಒಂದು ಸಂಖ್ಯೆಯನ್ನು ಮಾತ್ರ ನೋಡಿ ನೀವು ಅನುಮಾನ ಪಟ್ಟಿರಲಾರಿರಿ. ಕ್ಯಾಲ್ಸಿಯಂ ಕಡೆ ಕಣ್ಣು ಹೋಯಿತೇ? ಸೀರಮ್‌ನ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದ, ಬಣ್ಣ ನೋಡಿದಿರಾ? ಅದೇ ರೋಗಿಯ ಹಳೆಯ ರಿಪೋರ್ಟ್ ತೆಗೆದಿರಾ? ಆಮೇಲೆ ವಾರ್ಡಿಗೆ ಫೋನ್ ಮಾಡಿರಬೇಕು. ಮತ್ತೆ ಚುಚ್ಚಿ ರಕ್ತ ತೆಗೆಯಿರಿ ಅಂದರೆ ಯಾರಿಗೂ ಇಷ್ಟವಾಗುವುದಿಲ್ಲ. ರೋಗಿಗೂ ಬೇಡ, ನರ್ಸಿಗೂ ಬೇಡ. ಅವರನ್ನು ಒಪ್ಪಿಸಿದ್ದು ಹೇಗೆ? ಹೊಸ ಸ್ಯಾಂಪಲ್ ಬರುವ ತನಕ ಹಳೆಯ ರಿಪೋರ್ಟನ್ನು ತಡೆದಿರಾ? ಇಷ್ಟೆಲ್ಲ ನಡೆದದ್ದನ್ನು ನೀವು ‘ಅನುಮಾನ ಬಂತು, ತರಿಸಿದೆ, ಸರಿ ಬಂತು’ ಅಂತ ಮೂರು ಮಾತಿನಲ್ಲಿ ಮುಗಿಸಿಬಿಟ್ಟಿರಿ. ಆ ಮೂರು ಮಾತುಗಳ ನಡುವಿನ ಜಾಗದಲ್ಲಿ ನಿಮ್ಮ ಸಾಮರ್ಥ್ಯ ಇದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ದಿನಾ ಕಣ್ಣಿಗೆ ಬೀಳುವುದಕ್ಕೆ ಬೆಲೆ ಕೊಡುವುದಿಲ್ಲ. ಸಾಮರ್ಥ್ಯದ ವಿಷಯದಲ್ಲಿ ಇನ್ನೂ ಒಂದು ತೊಡಕು ಇದೆ. ಒಂದು ಕೆಲಸ ನಮಗೆ ಚೆನ್ನಾಗಿ ಬರತೊಡಗಿದರೆ ಅದು ಸಲೀಸಾಗುತ್ತದೆ. ಸಲೀಸಾದದ್ದು ನಮಗೆ ಕೆಲಸ ಅಂತಲೇ ಅನಿಸುವುದಿಲ್ಲ. ಕಷ್ಟಪಟ್ಟು ಮಾಡಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಹೀಗಾಗಿ ಅರ್ಜಿಗಳಲ್ಲಿ ಜನ ತಾವು ಏದುಸಿರು ಬಿಟ್ಟು ಮಾಡಿದ್ದನ್ನು ಬರೆಯುತ್ತಾರೆ, ಚೆನ್ನಾಗಿ ಮಾಡಿದ್ದನ್ನು ಬಿಡುತ್ತಾರೆ.

1999ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಕಡಿಮೆ ತಿಳಿದವರು ತಮ್ಮನ್ನು ಜಾಸ್ತಿ ಅಂದುಕೊಳ್ಳುತ್ತಾರೆ ಅನ್ನುವ ಅದರ ಅರ್ಧ ಭಾಗ ಎಲ್ಲರಿಗೂ ಗೊತ್ತು. ಇನ್ನರ್ಧ ನಿಮಗೆ ಸಂಬಂಧಪಟ್ಟದ್ದು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ ಗುಂಪು ಉಳಿದವರ ನಡುವೆ ತನ್ನ ಸ್ಥಾನವನ್ನು ನಿಜಕ್ಕಿಂತ ಕೆಳಗೆ ಊಹಿಸಿತ್ತು. ತಮಗೆ ಬಂದದ್ದು ಬೇರೆಯವರಿಗೂ ಬಂದಿರುತ್ತದೆ ಅಂತ ಅವರು ನಂಬಿದ್ದರು. ಬೇರೆಯವರು ಬರೆದ ಉತ್ತರಗಳನ್ನು ತೋರಿಸಿದ ಮೇಲೆ ಅವರ ಅಂದಾಜು ನಿಜದ ಹತ್ತಿರಕ್ಕೆ ಏರಿತು. ‘ಯಾರಾದರೂ ಮಾಡುತ್ತಾರೆ’ ಅನ್ನುವುದನ್ನು ನೀವೂ ಹೀಗೇ ಪರೀಕ್ಷಿಸಬಹುದು. ಇನ್ನೊಬ್ಬರು ನಿಮ್ಮದೇ ಕೆಲಸ ಮಾಡುವುದನ್ನು ಒಂದು ಪಾಳಿಯಷ್ಟು ಹೊತ್ತು ಗಮನಿಸಿ. ಅವರನ್ನು ಅಳೆಯಲು ಅಲ್ಲ. ಎಲ್ಲಿ ನಿಮ್ಮ ಕೈ ತಾನಾಗಿ ಚಾಚುತ್ತದೆ, ಎಲ್ಲಿ ‘ಅಯ್ಯೋ, ಅದನ್ನೂ ನೋಡಬೇಕಿತ್ತು’ ಅನಿಸುತ್ತದೆ, ಅಲ್ಲಿ ಗುರುತು ಮಾಡಿಕೊಳ್ಳಿ.

ಈಗ ಹುಡುಕುವ ಕೆಲಸ. ‘ನನ್ನ ಸಾಮರ್ಥ್ಯಗಳೇನು?’ ಅಂತ ಕೇಳಿಕೊಂಡು ಕೂರಬೇಡಿ. ಆ ಪ್ರಶ್ನೆಗೆ ಸಿಗುವುದು ಗುಣವಾಚಕಗಳು ಮಾತ್ರ. ಶ್ರಮಜೀವಿ, ಪ್ರಾಮಾಣಿಕ, ತಾಳ್ಮೆ, ಹೀಗೆ. ಘಟನೆಗಳನ್ನು ಕೇಳಿಕೊಳ್ಳಿ. ಇದಕ್ಕೆ ಒಂದು ಹಳೆಯ ಆಧಾರವೂ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜಾನ್ ಫ್ಲಾನಗನ್ ಅನ್ನುವ ಮನಶ್ಶಾಸ್ತ್ರಜ್ಞ ಅಮೆರಿಕದ ಸೇನೆಯ ವಿಮಾನ ಸಿಬ್ಬಂದಿಯ ಬಗ್ಗೆ ಕೆಲಸ ಮಾಡಿದ. ಒಳ್ಳೆಯ ಪೈಲಟ್‌ಗೆ ಯಾವ ಗುಣ ಇರಬೇಕು ಅಂತ ಕೇಳಿದರೆ ಎಲ್ಲರೂ ಅದೇ ನಾಲ್ಕು ಪದ ಹೇಳುತ್ತಾರೆ. ‘ಯಾರೋ ಒಬ್ಬರು ಚೆನ್ನಾಗಿ ನಿಭಾಯಿಸಿದ, ಅಥವಾ ಕೆಡಿಸಿದ ಒಂದು ಸಂದರ್ಭ ಹೇಳಿ, ಅಲ್ಲಿ ಅವರು ನಿಜಕ್ಕೂ ಏನು ಮಾಡಿದರು?’ ಅಂತ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. 1954ರಲ್ಲಿ ಅವನು ಈ ವಿಧಾನವನ್ನು ಬರೆದು ಪ್ರಕಟಿಸಿದ. ಇವತ್ತು ಸಂದರ್ಶನಗಳಲ್ಲಿ ‘ಇಂಥ ಒಂದು ಸಂದರ್ಭ ಹೇಳಿ’ ಅಂತ ಕೇಳುವುದರ ಹಿಂದಿನ ಯೋಚನೆಯೂ ಇಂಥದ್ದೇ.

ನೀವು ಮಾಡಬೇಕಾದ್ದು ಇಷ್ಟು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 10 ದಿನ ಕೆಲಸ ಮುಗಿದ ಮೇಲೆ ಐದೇ ನಿಮಿಷ ಬರೆಯಿರಿ. ಇವತ್ತು ಯಾರು ನನ್ನನ್ನು ಏನು ಕೇಳಿದರು? ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ? ಎಲ್ಲಿ ನನ್ನಿಂದ ಒಂದು ತಪ್ಪು ತಪ್ಪಿತು? ನಾನು ರಜೆಯಲ್ಲಿದ್ದಾಗ ಯಾವುದಕ್ಕೆ ಫೋನ್ ಬರುತ್ತದೆ? ಈ ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ರಜೆಯ ದಿನ ಬರುವ ಫೋನಿನಲ್ಲಿ ದಾಕ್ಷಿಣ್ಯದ ಹೊಗಳಿಕೆ ಇರುವುದಿಲ್ಲ. ಅವರಿಗೆ ನೀವು ನಿಜಕ್ಕೂ ಬೇಕಾಗಿದ್ದೀರಿ, ಅದಕ್ಕೇ ಮಾಡಿದ್ದಾರೆ.

ಹಳೆಯದನ್ನೂ ಕೆದಕಿ. 9 ವರ್ಷದಲ್ಲಿ ನೆನಪಿನಿಂದ ಜಾರಿ ಹೋದದ್ದು ಬೇಕಾದಷ್ಟು ಇರುತ್ತದೆ. ಹಳೆಯ ಮೆಸೇಜ್‌ಗಳು, ಮೇಲ್‌ಗಳು, ಪಾಳಿಯ ಟಿಪ್ಪಣಿ ಪುಸ್ತಕ, ಗುಣಮಟ್ಟ ನಿಯಂತ್ರಣದ ಚಾರ್ಟ್‌ಗಳ ಮೇಲೆ ನಿಮ್ಮ ಕೈಬರಹ. ಕಂಟ್ರೋಲ್ ಮೌಲ್ಯಗಳು (ಮೆಷಿನ್ ಸರಿ ಇದೆಯಾ ಅಂತ ನೋಡಲು ಅಳೆಯುವ, ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್‌ನ ಫಲಿತಾಂಶ) ದಿನದಿಂದ ದಿನಕ್ಕೆ ಒಂದೇ ಕಡೆಗೆ ವಾಲುತ್ತಿವೆ ಅಂತ ಮಿತಿ ದಾಟುವ ಮುಂಚೆಯೇ ಗಮನಿಸಿ ಹೇಳಿದ್ದೀರಾ? ಹೊಸದಾಗಿ ಸೇರಿದವರಿಗೆ ಯಾವ ಟ್ಯೂಬ್ ಮೊದಲು, ಯಾವುದು ಆಮೇಲೆ ಅಂತ ಒಂದು ಚೀಟಿ ಬರೆದು ಅಂಟಿಸಿದ್ದೀರಾ? ಅದು ಇನ್ನೂ ಗೋಡೆಯ ಮೇಲೆ ಇದೆಯಾ? ಇದ್ದರೆ ಅದು ಒಂದು ಸಾಕ್ಷಿ.

ಇನ್ನು ಬೇರೆಯವರನ್ನು ಕೇಳುವುದು. 1955ರಲ್ಲಿ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಅನ್ನುವವರು ನಾಲ್ಕು ಮನೆಗಳ ಒಂದು ಚೌಕ ಬರೆದರು. ಇಬ್ಬರ ಹೆಸರಿನ ಮೊದಲ ತುಣುಕು ಸೇರಿಸಿ ಅದನ್ನು ‘ಜೊಹಾರಿ ಕಿಟಕಿ’ ಅಂತ ಕರೆಯುತ್ತಾರೆ. ಅದರ ಒಂದು ಮನೆಯಲ್ಲಿ ಇರುವುದು ಬೇರೆಯವರಿಗೆ ಕಾಣುವ, ನಮಗೆ ಮಾತ್ರ ಕಾಣದ ಸಂಗತಿಗಳು. ನಾವು ಆ ಮನೆ ಅಂದರೆ ದೋಷಗಳ ಮನೆ ಅಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಅಲ್ಲಿ ಒಳ್ಳೆಯದೂ ಅಷ್ಟೇ ಇರುತ್ತದೆ, ಕೆಲವರಿಗೆ ಜಾಸ್ತಿಯೇ.

ಆದರೆ ಹೋಗಿ ಸುಮ್ನೆ ‘ನಾನು ಯಾವುದರಲ್ಲಿ ಚೆನ್ನಾಗಿದ್ದೀನಿ?’ ಅಂತ ಕೇಳಬೇಡಿ. ಕೇಳಿಸಿಕೊಂಡವರಿಗೆ ಕಸಿವಿಸಿ ಆಗುತ್ತದೆ. ‘ನೀವು ಎಲ್ಲದರಲ್ಲೂ ಚೆನ್ನಾಗಿದ್ದೀರಿ’ ಅಂದು ತಪ್ಪಿಸಿಕೊಳ್ಳುತ್ತಾರೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಒಂದು ಅಭ್ಯಾಸ ಇದೆ. ಅದರಲ್ಲಿ ಪರಿಚಯದ 10–20 ಜನರಿಂದ ‘ನಾನು ಚೆನ್ನಾಗಿ ಕೆಲಸ ಮಾಡಿದ ಒಂದು ಸಂದರ್ಭ ನೆನಪಿಸಿಕೊಂಡು ಬರೆಯಿರಿ’ ಅಂತ ಕೇಳಿ ಕತೆಗಳನ್ನು ಒಟ್ಟು ಮಾಡುತ್ತಾರೆ. ನಿಮಗೆ ಇರುವುದು 3 ವಾರ. 5 ಜನ ಸಾಕು. ಒಬ್ಬ ನರ್ಸ್, ಒಬ್ಬ ವೈದ್ಯರು, ಇಬ್ಬರು ಜೊತೆಯವರು, ನೀವು ಕಲಿಸಿದ ಒಬ್ಬ ಕಿರಿಯರು. ಹೀಗೆ ಕೇಳಬಹುದು: ‘ಒಂದು ತರಬೇತಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಕೆಲಸದಿಂದ ನಿಮಗೆ ಉಪಯೋಗ ಆದ ಒಂದು ಸಂದರ್ಭ ನೆನಪಿದ್ದರೆ ಎರಡು ಸಾಲು ಬರೆದು ಕಳಿಸುತ್ತೀರಾ? ಹೊಗಳಿಕೆ ಬೇಡ, ಏನು ನಡೆಯಿತು ಅಂತ ಹೇಳಿದರೆ ಸಾಕು.’ ಬರುವ ಉತ್ತರಗಳಲ್ಲಿ ನೀವು ಪೂರ್ತಿ ಮರೆತಿರುವುದು ಒಂದಾದರೂ ಇರಲಿಕ್ಕೆ ಸಾಕು.

ಸಾಮರ್ಥ್ಯ ಪತ್ತೆ ಮಾಡುವ ಆನ್‌ಲೈನ್ ಪರೀಕ್ಷೆಗಳ ಬಗ್ಗೆಯೂ ಜನ ಕೇಳುತ್ತಾರೆ. 24 ಗುಣಗಳ ಪಟ್ಟಿಯ ವಿಐಎ ಇದೆ, 34 ವಿಷಯಗಳ ಕ್ಲಿಫ್ಟನ್ ಇದೆ. ಮಾಡಿ ನೋಡಿ, ತಪ್ಪಿಲ್ಲ. ಪದ ಸಿಗದೆ ಒದ್ದಾಡುವಾಗ ಅವು ಪದ ಕೊಡುತ್ತವೆ. ಆದರೆ ಅವು ನಿಮ್ಮ ಬಗ್ಗೆ ನೀವೇ ಕೊಟ್ಟ ಉತ್ತರಗಳ ಮೇಲೆ ನಿಂತಿವೆ. ಅರ್ಜಿಯಲ್ಲಿ ‘ಪರೀಕ್ಷೆಯ ಪ್ರಕಾರ ನಾನು ಹೀಗೆ’ ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ.

ಹತ್ತು ಹನ್ನೆರಡು ಘಟನೆಗಳು ಕೂಡಿದ ಮೇಲೆ ಅವನ್ನು ಮುಂದೆ ಹರಡಿಕೊಳ್ಳಿ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ. ನನ್ನಷ್ಟೇ ಓದಿರುವ, ನನ್ನದೇ ಕುರ್ಚಿಯಲ್ಲಿ ಕೂತಿರುವ ಇನ್ನೊಬ್ಬರು ಇದನ್ನು ಬಿಟ್ಟುಬಿಡುವ ಸಾಧ್ಯತೆ ಇತ್ತೇ? ಇತ್ತು ಅಂದರೆ ನಾನು ಬಿಡಲಿಲ್ಲ ಯಾಕೆ? ಆ ‘ಯಾಕೆ’ ಮೂರು ಬೇರೆ ಬೇರೆ ಘಟನೆಗಳಲ್ಲಿ ಮತ್ತೆ ಮತ್ತೆ ಬಂದರೆ ಅದನ್ನು ಸಾಮರ್ಥ್ಯ ಅನ್ನಬಹುದು. ಒಂದು ಸಲ ಆದದ್ದು ಅದೃಷ್ಟವೂ ಇರಬಹುದು ಅಲ್ವಾ? ಯಂತ್ರ ನಡೆಸಲು ಬರುವುದು ಕೌಶಲ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಗೊತ್ತಿರುವುದು ಜ್ಞಾನ. ಇವೆರಡೂ ನಿಮ್ಮ ಜೊತೆಯವರಿಗೂ ಇವೆ. ಸಂಖ್ಯೆ ಮತ್ತು ರೋಗಿ ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಕಂಡಾಗ ನಿಲ್ಲುವುದು, ಅವಸರದ ನಡುವೆಯೂ ನಿಲ್ಲುವುದು, ಆಮೇಲೆ ಯಾರಿಗೂ ನೋವಾಗದಂತೆ ಅದನ್ನು ಸರಿಪಡಿಸುವುದು ನಿಮ್ಮದು. ಪತ್ರ ಓದಿ ನನಗೆ ಹಾಗೆ ಕಾಣುತ್ತಿದೆ. ನಿಮ್ಮ ಘಟನೆಗಳು ಬೇರೆ ಏನಾದರೂ ಹೇಳಿದರೆ ಅವನ್ನೇ ನಂಬಿ, ನನ್ನನ್ನಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ವೃತ್ತಿಯ ಶುರುವಿನಲ್ಲಿ ನಾನು ಇಂಥದ್ದೇ ಒಂದು ಅವಕಾಶಕ್ಕೆ ಅರ್ಜಿ ಹಾಕಿದ್ದೆ. ಬೇರೆಯವರು ಬರೆದ ವರದಿಗಳನ್ನು ತಿದ್ದಿ ನೇರ್ಪು ಮಾಡುವುದರಲ್ಲಿ ನಾನು ಚುರುಕಾಗಿದ್ದೆ. ಅದನ್ನೇ ಮೊದಲ ಸಾಲಿನಲ್ಲಿ ಬರೆದೆ. ಆಯ್ಕೆಯೂ ಆಯಿತು. ಮುಂದಿನ ಒಂದೂವರೆ ವರ್ಷ ಪೂರ್ತಿ ನನ್ನ ಮೇಜಿಗೆ ಬಂದದ್ದು ಬೇರೆಯವರ ವರದಿಗಳೇ. ಆ ಕೆಲಸ ನನಗೆ ಬರುತ್ತಿತ್ತು, ಆದರೆ ಅದು ನನ್ನನ್ನು ಒಳಗಿಂದ ಖಾಲಿ ಮಾಡುತ್ತಿತ್ತು. ಜನರ ಜೊತೆ ಮಾತಾಡಿ ಅವರ ದಾರಿ ಹುಡುಕಲು ನೆರವಾಗುವುದು ನನಗೆ ಬೇಕಾಗಿದ್ದ ಕೆಲಸ. ಅದರ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ. ತಪ್ಪು ಆ ಸಂಸ್ಥೆಯದ್ದಲ್ಲ. ನಾನು ಹೇಳಿದ್ದನ್ನು ಅವರು ನಂಬಿದರು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇದನ್ನೇ: ಅರ್ಜಿಯಲ್ಲಿ ಬರೆದ ಸಾಮರ್ಥ್ಯ ಮುಂದೆ ನಿಮಗೆ ಸಿಗುವ ಕೆಲಸವಾಗುತ್ತದೆ. ಚೆನ್ನಾಗಿ ಬರುವುದು ಬೇರೆ, ಮಾಡಿದ ಮೇಲೂ ಮನಸ್ಸು ತುಂಬಿರುವುದು ಬೇರೆ. ಎರಡೂ ಸೇರುವ ಕಡೆ ನಿಂತು ಬರೆಯಿರಿ.

ಈಗ ಬರವಣಿಗೆಗೆ ಬರುತ್ತೇನೆ. ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಕೆಲಸಕ್ಕೆ ಹಾಕುವ ಅರ್ಜಿ ಬೇರೆ, ಬೆಳವಣಿಗೆಗೆ ಹಾಕುವ ಅರ್ಜಿ ಬೇರೆ. ಕೆಲಸ ಕೊಡುವವರು ‘ಇವರು ನಾಳೆಯಿಂದ ಇದನ್ನು ಮಾಡಬಲ್ಲರಾ?’ ಅಂತ ನೋಡುತ್ತಾರೆ. ತರಬೇತಿ ಕೊಡುವವರು ‘ಒಂದು ವರ್ಷ ಇವರಿಗೆ ಕೊಟ್ಟರೆ ಏನು ಬೆಳೆಯುತ್ತದೆ?’ ಅಂತ ನೋಡುತ್ತಾರೆ. ಹಾಗಾಗಿ ಸಾಮರ್ಥ್ಯ ತೋರಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಆ ಸಾಮರ್ಥ್ಯ ಇವತ್ತು ಎಲ್ಲಿ ಬಂದು ನಿಂತಿದೆ ಅಂತಲೂ ತೋರಿಸಬೇಕು. ಬಹಳ ಜನ ಇದನ್ನು ಬಿಡುತ್ತಾರೆ. ತಾವು ಪೂರ್ತಿ ತಯಾರು ಅಂತ ತೋರಿಸಲು ಹೋಗುತ್ತಾರೆ. ಪೂರ್ತಿ ತಯಾರಾದವರಿಗೆ ತರಬೇತಿ ಯಾಕೆ ಬೇಕು?

ನಿಮ್ಮ ವಿಷಯದಲ್ಲಿ ಅಂಚು ಎಲ್ಲಿದೆ ಅಂತ ನನಗೆ ಪತ್ರದಿಂದಲೇ ಕಾಣುತ್ತದೆ. ಅನುಮಾನದ ರಿಪೋರ್ಟ್ ನಿಮ್ಮ ಹತ್ತಿರ ಬರುತ್ತದೆ, ನೀವು ಬಿಡಿಸುತ್ತೀರಿ. ನೀವು ಪಾಳಿಯಲ್ಲಿ ಇಲ್ಲದ ದಿನ? ಆ ಕಣ್ಣು ನಿಮ್ಮ ಜೊತೆಗೇ ಮನೆಗೆ ಹೋಗಿಬಿಡುತ್ತದೆ. ಲ್ಯಾಬ್‌ನ ತಪ್ಪುಗಳಲ್ಲಿ ಹೆಚ್ಚಿನವು ಸ್ಯಾಂಪಲ್ ಮೆಷಿನ್‌ಗೆ ಬರುವ ಮುಂಚೆಯೇ ಆಗುತ್ತವೆ ಅನ್ನುವುದು ನಿಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅಂದರೆ ನಿಜವಾದ ಪರಿಹಾರ ವಾರ್ಡ್‌ನಲ್ಲಿದೆ, ರಕ್ತ ತೆಗೆಯುವವರ ಕೈಯಲ್ಲಿದೆ. ಅಲ್ಲಿಗೆ ತಲುಪಲು ಬೇರೆ ವಿಭಾಗದವರ ಜೊತೆ ಕೂತು ಮಾತಾಡುವುದು, ನಿಯಮ ಬರೆಯುವುದು, ಅಂಕಿಅಂಶ ಇಟ್ಟುಕೊಂಡು ಒಪ್ಪಿಸುವುದು ಬರಬೇಕು. ತರಬೇತಿ ನಿಮಗೆ ಕೊಡಬೇಕಾದ್ದು ಇದು. ಇದನ್ನು ನೇರವಾಗಿ ಬರೆದರೆ ಓದುವವರಿಗೆ ನಿಮ್ಮನ್ನು ಯಾಕೆ ಆರಿಸಬೇಕು ಅಂತ ತಾನಾಗಿ ತಿಳಿಯುತ್ತದೆ.

ಇನ್ನು ವಾಕ್ಯಗಳ ವಿಷಯ. ಕನ್ನಡದಲ್ಲಿ ಬರೆಯುವಾಗ ನಮಗೆ ಅಡಗಿಕೊಳ್ಳಲು ಒಳ್ಳೆಯ ಜಾಗ ಒಂದಿದೆ, ಅದು ಕ್ರಿಯಾಪದದ ಕೊನೆ. ‘ತಪ್ಪನ್ನು ಪತ್ತೆ ಮಾಡಲಾಯಿತು.’ ಯಾರು ಮಾಡಿದರು? ‘ಸ್ಯಾಂಪಲ್ ತರಿಸಲಾಯಿತು.’ ಯಾರು ತರಿಸಿದರು? ಸಂಕೋಚದವರ ಅರ್ಜಿ ತುಂಬಾ ಈ ‘ಲಾಯಿತು’ಗಳೇ ಇರುತ್ತವೆ. ನಿಮ್ಮ ಕರಡು ಮುಗಿದ ಮೇಲೆ ಪೆನ್ ಹಿಡಿದು ಕ್ರಿಯಾಪದಗಳನ್ನು ಮಾತ್ರ ಗುರುತು ಮಾಡಿ. ‘ಲಾಯಿತು’ ಇದ್ದಲ್ಲಿ ಮಾಡಿದವರನ್ನು ವಾಪಸ್ ತನ್ನಿ. ನೀವೇ ಮಾಡಿದ್ದರೆ ‘ಮಾಡಿದೆ’. ಎಲ್ಲರೂ ಸೇರಿ ಮಾಡಿದ್ದರೆ ‘ಮಾಡಿದೆವು’, ಅದರ ಬೆನ್ನಿಗೇ ‘ಅದರಲ್ಲಿ ನನ್ನ ಪಾಲು ಇದು’ ಅಂತ ಒಂದು ಸಾಲು. ಪ್ರತಿ ವಾಕ್ಯಕ್ಕೂ ‘ನಾನು’ ಅಂತ ಶುರು ಮಾಡಬೇಕಿಲ್ಲ. ನಮ್ಮ ಭಾಷೆಯಲ್ಲಿ ‘ಮಾಡಿದೆ’ ಅನ್ನುವುದರ ಒಳಗೇ ‘ನಾನು’ ಇದೆ. ಅದಕ್ಕೇ ಕನ್ನಡದಲ್ಲಿ ಜಂಬ ಕಾಣದಂತೆ ನಿಮ್ಮ ಕೆಲಸವನ್ನು ನಿಮ್ಮದು ಅಂತ ಹೇಳುವುದು ಸುಲಭ.

‘ನಾನು’ ಮತ್ತು ‘ನಾವು’ ನಡುವಿನ ಪಾಲು ಹೇಳುವಾಗ ಪ್ರಾಮಾಣಿಕವಾಗಿರಿ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನುವವರು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ ಮನೆಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿದರೆ ಹೆಚ್ಚಿನ ಜೋಡಿಗಳಲ್ಲಿ ಅದು ಪೂರ್ತಿ ಕೆಲಸಕ್ಕಿಂತ ಜಾಸ್ತಿ ಆಯಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರವರು ಮಾಡಿದ್ದು ಅವರವರಿಗೆ ಚೆನ್ನಾಗಿ ನೆನಪಿರುತ್ತದೆ. ಹಾಗಾಗಿ ಘಟನೆ ಬರೆದ ಮೇಲೆ ಅದರಲ್ಲಿ ಜೊತೆಗಿದ್ದ ಒಬ್ಬರಿಗೆ ಓದಿಸಿ, ‘ಹೀಗೇ ಆಗಿದ್ದು ಅಲ್ವಾ?’ ಅಂತ ಕೇಳಿ. ಅವರು ಒಪ್ಪಿದ ವಾಕ್ಯವನ್ನು ಸಂದರ್ಶನದಲ್ಲಿ ಧೈರ್ಯವಾಗಿ ಹೇಳಬಹುದು.

ಸಂಖ್ಯೆ ಬೇಕೇ ಅಂತ ಕೇಳುತ್ತಾರೆ. ನಿಜವಾಗಿ ಎಣಿಸಿದ್ದು ಇದ್ದರೆ ಬರೆಯಿರಿ. ಎಷ್ಟು ಜನ ಹೊಸಬರಿಗೆ ಕಲಿಸಿದಿರಿ, ವಾರಕ್ಕೆ ಎಷ್ಟು ಅನುಮಾನದ ರಿಪೋರ್ಟ್ ನಿಮ್ಮ ಹತ್ತಿರ ಬರುತ್ತದೆ, ಮತ್ತೆ ತರಿಸಿದ ಸ್ಯಾಂಪಲ್‌ಗಳಲ್ಲಿ ಎಷ್ಟರಲ್ಲಿ ನಿಮ್ಮ ಅನುಮಾನ ಸರಿಯಾಗಿತ್ತು. ಇವನ್ನು ಇವತ್ತಿನಿಂದಲೇ ಎಣಿಸಲು ಶುರು ಮಾಡಿದರೆ 3 ವಾರದಲ್ಲಿ ಒಂದು ಪುಟ್ಟ ಲೆಕ್ಕ ಕೈಗೆ ಬರುತ್ತದೆ. ‘ದಕ್ಷತೆ ಶೇ 40ರಷ್ಟು ಹೆಚ್ಚಿಸಿದೆ’ ಅನ್ನುವಂಥ ಎಲ್ಲಿಂದಲೋ ಬಂದ ಅಂಕಿ ಬೇಡ. ಒಂದು ಮರುಪ್ರಶ್ನೆಗೆ ಅದು ಬಿದ್ದುಹೋಗುತ್ತದೆ, ಬೀಳುವಾಗ ನಿಮ್ಮ ನಿಜಗಳನ್ನೂ ಜೊತೆಗೆ ಎಳೆದುಕೊಂಡು ಬೀಳುತ್ತದೆ.

ಒಂದು ನಮೂನೆ ಕೊಡುತ್ತೇನೆ. ಇದರಲ್ಲಿ ಕೆಲವು ವಿವರ ನನ್ನ ಊಹೆ. ಅದನ್ನು ತೆಗೆದು ನಿಮ್ಮ ನಿಜವನ್ನು ಹಾಕಿಕೊಳ್ಳಿ.

‘ರಿಪೋರ್ಟಿನ ಸಂಖ್ಯೆ ರೋಗಿಯ ಸ್ಥಿತಿಗೆ ಹೊಂದದಿದ್ದಾಗ ಅದನ್ನು ಬೇಗ ಗುರುತಿಸುವುದು ನನ್ನ ಮುಖ್ಯ ಸಾಮರ್ಥ್ಯ. ಇತ್ತೀಚೆಗೆ ಒಬ್ಬ ರೋಗಿಯ ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿ ಬಂತು. ಜೊತೆಗೆ ಕ್ಯಾಲ್ಸಿಯಂ ತೀರಾ ಕಡಿಮೆ ಇತ್ತು, ಹಿಂದಿನ ದಿನದ ಎರಡೂ ಮೌಲ್ಯ ಸರಿಯಾಗಿದ್ದವು. ಇಡಿಟಿಎ ಬೆರೆತಿರಬಹುದು ಅಂತ ಅನುಮಾನಿಸಿ ರಿಪೋರ್ಟ್ ತಡೆದೆ. ವಾರ್ಡಿಗೆ ಫೋನ್ ಮಾಡಿ ಕಾರಣ ವಿವರಿಸಿ ಹೊಸ ಸ್ಯಾಂಪಲ್ ಕೇಳಿದೆ. ಹೊಸದರಲ್ಲಿ ಪೊಟ್ಯಾಸಿಯಂ ಸರಿಯಾಗಿತ್ತು. ಬೇಡದ ಚಿಕಿತ್ಸೆ ತಪ್ಪಿತು. ಇಂಥ ರಿಪೋರ್ಟ್‌ಗಳನ್ನು ಜೊತೆಯವರು ನನಗೆ ತೋರಿಸುವುದು ಈಗ ರೂಢಿಯಾಗಿದೆ. ಆದರೆ ಇದು ನಾನು ಇರುವ ಪಾಳಿಗೆ ಸೀಮಿತವಾಗಿದೆ. ನನ್ನ ಕಣ್ಣಿಗೆ ಬೀಳುವುದನ್ನು ಎಲ್ಲ ಪಾಳಿಗಳೂ ಬಳಸುವ ಕ್ರಮವಾಗಿ ಬರೆಯುವುದು, ರಕ್ತ ತೆಗೆಯುವ ಹಂತದಲ್ಲೇ ತಪ್ಪು ಕಡಿಮೆ ಮಾಡಲು ವಾರ್ಡ್‌ಗಳ ಜೊತೆ ಕೆಲಸ ಮಾಡುವುದು ನನಗೆ ಇನ್ನೂ ಬರಬೇಕು. ಈ ತರಬೇತಿಯಿಂದ ನಾನು ಬಯಸುವುದು ಅದನ್ನು.’

ಇದರಲ್ಲಿ ಒಂದಾದರೂ ಹೊಗಳಿಕೆಯ ಪದ ಇದೆಯಾ? ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಅಷ್ಟೇ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಅಂದರೆ ತೀರ್ಪನ್ನೂ ತಾನೇ ಬರೆಯುವುದು. ‘ನಾನು ಅತ್ಯಂತ ಜಾಗರೂಕ’ ಅನ್ನುವುದು ತೀರ್ಪು. ರಿಪೋರ್ಟ್ ತಡೆದೆ, ಫೋನ್ ಮಾಡಿದೆ ಅನ್ನುವುದು ಸಾಕ್ಷಿ. ನೀವು ಸಾಕ್ಷಿ ಕೊಡಿ, ತೀರ್ಪನ್ನು ಅವರಿಗೆ ಬಿಡಿ. ತುಂಬಿದ ಕೊಡ ತುಳುಕುವುದಿಲ್ಲ ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಮಾತು ಸರಿಯೇ. ಆದರೆ ಅರ್ಜಿ ಓದುವವರ ಮುಂದೆ ಕೊಡ ಇರುವುದಿಲ್ಲ, ಒಂದು ಹಾಳೆ ಮಾತ್ರ ಇರುತ್ತದೆ. ಅದರಲ್ಲಿ ನೀರಿದೆ ಅಂತ ಹೇಳದಿದ್ದರೆ ಖಾಲಿ ಅಂತಲೇ ಅವರು ತಿಳಿಯಬೇಕು.

300 ಪದದಲ್ಲಿ ಎಷ್ಟು ಸಾಮರ್ಥ್ಯ ಹಿಡಿಸುತ್ತದೆ? ಎರಡು. ಒಂದು ಮುಖ್ಯ, ಒಂದು ಅದಕ್ಕೆ ಬೆಂಬಲ. ನಿಮ್ಮ ಬೆಂಬಲದ ಸಾಮರ್ಥ್ಯ ಬಹುಶಃ ಹೊಸಬರಿಗೆ ಕಲಿಸುವುದು. ನೋಟ್‌ಬುಕ್ ನೋಡಿ ನಿರ್ಧರಿಸಿ. ಆರು ಏಳು ಬರೆದರೆ ಪಟ್ಟಿ ಆಗುತ್ತದೆ, ಪಟ್ಟಿಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಸಮಯಪಾಲನೆಯನ್ನು ಬಿಟ್ಟುಬಿಡಿ. ಅದು ಇರಲೇಬೇಕಾದ್ದು. ಅರ್ಜಿಯ ಪ್ರಕಟಣೆಯನ್ನು ಇನ್ನೊಮ್ಮೆ ಓದಿ, ಅವರು ಯಾವ ಜವಾಬ್ದಾರಿಗೆ ಜನರನ್ನು ತಯಾರು ಮಾಡುತ್ತಿದ್ದಾರೆ ನೋಡಿ. ಲಿಯೊನಾರ್ಡೊ ಡಾ ವಿಂಚಿ ಸುಮಾರು 1482ರಲ್ಲಿ ಮಿಲಾನ್‌ನ ದೊರೆಗೆ ಕೆಲಸ ಕೇಳಿ ಬರೆದ ಪತ್ರದ ಕರಡು ಉಳಿದಿದೆ. ಸೇತುವೆ, ಫಿರಂಗಿ, ಕೋಟೆ ಮುರಿಯುವ ಉಪಾಯಗಳೇ ಅದರ ತುಂಬಾ ಇವೆ. ಚಿತ್ರ ಬರೆಯಬಲ್ಲೆ ಅನ್ನುವ ಮಾತು ಬರುವುದು ಕೊನೆಯಲ್ಲಿ. ಯುದ್ಧದ ಚಿಂತೆಯಲ್ಲಿದ್ದ ಓದುಗನಿಗೆ ಏನು ಬೇಕಿತ್ತೋ ಅದನ್ನು ಅವನು ಮೊದಲು ಇಟ್ಟ. ನಿಮ್ಮ ಎರಡರಲ್ಲಿ ಯಾವುದು ಮೊದಲು ಬರಬೇಕು ಅಂತ ಆ ಪ್ರಕಟಣೆಯೇ ಹೇಳುತ್ತದೆ.

ಕಂಪ್ಯೂಟರ್ ಬರೆದುಕೊಡುವ ನಯವಾದ ಪ್ಯಾರಾ ಈಗ ಎಲ್ಲರಿಗೂ ಒಂದು ನಿಮಿಷದಲ್ಲಿ ಸಿಗುತ್ತದೆ. ಕಾಗುಣಿತ ತಿದ್ದಲು ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಆ ಪೊಟ್ಯಾಸಿಯಂ ದಿನ ಅಲ್ಲಿ ಇದ್ದದ್ದು ನೀವು. ಆ ವಿವರ ನಿಮ್ಮಿಂದಲೇ ಬರಬೇಕು.

ಇಷ್ಟಾದ ಮೇಲೂ ‘ನಾನು ಇದಕ್ಕೆ ಯೋಗ್ಯನಲ್ಲ, ಒಂದು ದಿನ ಎಲ್ಲರಿಗೂ ಗೊತ್ತಾಗಿಬಿಡುತ್ತದೆ’ ಅನ್ನುವ ಭಯ ಕಾಡಬಹುದು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಇದನ್ನು ಮೊದಲು ವಿವರಿಸಿ ಬರೆದರು. ಅವರು ಮಾತಾಡಿಸಿದವರು ತಮ್ಮ ತಮ್ಮ ಕ್ಷೇತ್ರದಲ್ಲಿ ಸಾಧನೆ ಮಾಡಿದ್ದ 150ಕ್ಕೂ ಹೆಚ್ಚು ಹೆಂಗಸರು. ಅಂಥವರಿಗೇ ಈ ಭಯ ಇತ್ತು. ಹಾಗಾಗಿ ಭಯ ಬಂದ ಮಾತ್ರಕ್ಕೆ ಅದು ನಿಜ ಅಂತಲ್ಲ. ಅದು ಬಂದಾಗ ವಾದ ಮಾಡಬೇಡಿ, ನೋಟ್‌ಬುಕ್ ತೆಗೆದು ಓದಿ.

ಕಳಿಸುವ ಮುಂಚೆ ಒಂದು ಸಣ್ಣ ಆದರೆ ಮುಖ್ಯವಾದ ಕೆಲಸ. ರೋಗಿಯ ಹೆಸರು, ವಯಸ್ಸು, ವಾರ್ಡ್, ದಿನಾಂಕ ಎಲ್ಲವನ್ನೂ ತೆಗೆದುಹಾಕಿ. ತಪ್ಪು ಟ್ಯೂಬ್ ಕಳಿಸಿದವರು ಯಾರು ಅಂತ ಗೊತ್ತಾಗುವ ಸುಳಿವೂ ಬೇಡ. ಆಮೇಲೆ ಇಡೀ ಅರ್ಜಿಯನ್ನು ಗಟ್ಟಿಯಾಗಿ ಓದಿ. ಸಂದರ್ಶನದಲ್ಲಿ ಇದೇ ಘಟನೆಯನ್ನು ಬಾಯಿಂದ ಹೇಳಬೇಕಾಗುತ್ತದೆ. ‘ಫೋನ್‌ನಲ್ಲಿ ನರ್ಸ್ ಒಪ್ಪದಿದ್ದರೆ ಏನು ಮಾಡುತ್ತಿದ್ದಿರಿ?’ ಅಂತ ಖಂಡಿತ ಕೇಳುತ್ತಾರೆ. ಉತ್ತರ ಯೋಚಿಸಿ ಇಟ್ಟುಕೊಳ್ಳಿ.

ಶುರು ಇವತ್ತೇ ಆಗಲಿ. ಹೋದ ತಿಂಗಳ ಘಟನೆ ಇನ್ನೂ ನೆನಪಿನಲ್ಲಿ ಹಸಿಯಾಗಿದೆ. ಮೊದಲು ಯಾವುದರ ಮೇಲೆ ಕಣ್ಣು ಬಿತ್ತು, ಫೋನ್‌ನಲ್ಲಿ ಯಾವ ಮಾತು ಆಡಿದಿರಿ, ಹೊಸ ಸ್ಯಾಂಪಲ್ ಬರುವ ತನಕ ಏನು ಮಾಡುತ್ತಿದ್ದಿರಿ, ಎಲ್ಲವನ್ನೂ ಪದಗಳ ಲೆಕ್ಕ ಇಡದೆ ಬರೆಯಿರಿ. 300ಕ್ಕೆ ಇಳಿಸುವುದು ಕೊನೆಯ ವಾರದ ಕೆಲಸ.